ಗ್ಲೈಡರಿನ ಪರದೆ ಮತ್ತು ಕನಕಾಂಬರದ ದಾರ

ಸಿಂಚನಾ, ಇದನ್ನು ಮೊದಲು ನೀನು ಓದು. ಆಮೇಲೆ ನಿನ್ನ ತಮ್ಮ ತೇಜುವಿಗೂ ಓದಲು ಕೊಡು.

ಹೋದ ಭಾನುವಾರ ತರೀಕೆರೆಯಿಂದ ನೀವಿಬ್ಬರೂ ಬಂದಿದ್ದಾಗ, ನೀನು ಕಾಲೇಜಿನಲ್ಲಿ ಮಾಡಿದ ಆ್ಯಪನ್ನು ನನಗೆ ತೋರಿಸಿದೆ. ಆಂಬುಲೆನ್ಸ್ ಓಡಿಸುವವರಿಗೆ ದಾರಿ ತೋರಿಸುವ ಆ್ಯಪ್ ಅದು. ಕೆಲಸಕ್ಕೆ ಸೇರುವ ಕಡೆಯೂ ಇಂಥದ್ದನ್ನೇ ಮಾಡುವುದು ಎಂದು ನೀನು ಹೇಳಿದೆ. ನಾನು ಕನ್ನಡಕ ಹಾಕಿಕೊಂಡು ನೋಡಿ, ಚೆನ್ನಾಗಿದೆ ಎಂದೆ. ನೀವು ಸಂಜೆ ಬಸ್ಸಿಗೆ ಹೊರಟುಹೋದಿರಿ. ನಾನು ಆಡಿದ ಆ ಒಂದು ಮಾತು ಮಾತ್ರ ಹೋಗದೆ ನನ್ನ ಜೊತೆಯಲ್ಲೇ ಉಳಿಯಿತು. ಯಾಕೆ ಎಂದು ಹೇಳಬೇಕಾದರೆ ನಾನು ಗ್ಲೈಡರ್ ಮೈದಾನದಲ್ಲಿ ಮಾಡಿದ ಕೆಲಸವನ್ನೆಲ್ಲ ಹೇಳಬೇಕು. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ನಿಮಗೆ ಗೊತ್ತಿರುವುದೇ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಓದಿದ್ದು ಹಿರೇನಲ್ಲೂರಿನ ಹತ್ತಿರ ನಮ್ಮೂರ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಮದುವೆಯಾಗಿ ಅಜ್ಜಂಪುರಕ್ಕೆ ಬಂದೆ. ನಿಮ್ಮ ತಾತ ಊರಾಚೆ ದನ ಮೇಯುವ ಕಾವಲಿನ ಅಂಚಿನಲ್ಲಿದ್ದ ಗ್ಲೈಡರ್ ಕ್ಲಬ್ಬಿನಲ್ಲಿ ವಿಂಚ್ ಓಡಿಸುತ್ತಿದ್ದರು. ಗ್ಲೈಡರಿಗೆ ಎಂಜಿನ್ ಇರುವುದಿಲ್ಲ. ಮೈದಾನದ ಆ ತುದಿಯಲ್ಲಿ ವಿಂಚ್ ತಂತಿಹಗ್ಗವನ್ನು ರಭಸದಿಂದ ಸುತ್ತಿಕೊಂಡರೆ ಈ ತುದಿಯಲ್ಲಿ ಗ್ಲೈಡರ್ ಗಾಳಿಪಟದ ಹಾಗೆ ಮೇಲೇಳುತ್ತದೆ. ಸಾಕಷ್ಟು ಏರಿದ ಮೇಲೆ ಹಗ್ಗ ಕಳಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಹಾರುವವರು ನಂಬಬೇಕಾದ್ದು ಬಿಸಿಲಿಗೆ ಕಾದ ನೆಲದಿಂದ ಏಳುವ ಗಾಳಿಯನ್ನು ಮಾತ್ರ. ಹದ್ದುಗಳು ರೆಕ್ಕೆ ಬಡಿಯದೆ ಎಲ್ಲಿ ಸುತ್ತುತ್ತಿವೆ ಎಂದು ನೋಡಿ ಅಲ್ಲಿಗೆ ಹೋಗುತ್ತಾರೆ. ಗಾಳಿ ಸಿಕ್ಕರೆ ಏರುತ್ತಾರೆ, ಸಿಗದಿದ್ದರೆ ಇಳಿಯುತ್ತಲೇ ಇರುತ್ತಾರೆ.

ತಾತ ಎದೆನೋವಿನಿಂದ ತೀರಿಕೊಂಡ ಮೇಲೆ ಕ್ಲಬ್ಬಿನವರು ನನ್ನನ್ನು ಕರೆದು ಕೆಲಸ ಕೊಟ್ಟರು. ಮೊದಲು ಕಸ ಗುಡಿಸುವುದು, ಚಹಾ ಮಾಡುವುದು. ನನ್ನ ಅಕ್ಷರ ದುಂಡಗಿದೆ ಎಂದು ಆಮೇಲೆ ಹಾರಾಟದ ಪುಸ್ತಕ ಬರೆಯಲು ಕೂರಿಸಿದರು. ಯಾರು, ಯಾವ ಗ್ಲೈಡರಿನಲ್ಲಿ, ಎಷ್ಟು ಗಂಟೆಗೆ ಏರಿದರು, ಎಷ್ಟಕ್ಕೆ ಇಳಿದರು, ಇಷ್ಟೇ. ಮೈದಾನದ ಒಂದು ಕಡೆ ಜಾಲಿಮರದ ಕೆಳಗೆ ನನ್ನ ಮೇಜು, ಅದರ ಮೇಲೆ ಒಂದು ವೈರ್‌ಲೆಸ್. ಎಲ್ಲರೂ ಮೇಲೆ ಹೋದರೆ ಕೆಳಗೆ ನಾನೊಬ್ಬಳೇ. ದೂರದಲ್ಲಿ ವಿಂಚಿನ ಹತ್ತಿರ ಓಂಕಾರಿ ಇರುತ್ತಿದ್ದ. ತಾತನ ಜಾಗಕ್ಕೆ ಬಂದವನು. ಅವನು ಅಲ್ಲಿಂದ ಕೈ ಬೀಸಿದಾಗಲೆಲ್ಲ ಒಂದು ಕ್ಷಣ ನಿಮ್ಮ ತಾತನೇ ಬೀಸಿದ ಹಾಗೆ ಕಾಣುತ್ತಿತ್ತು. ಅದು ತಪ್ಪಲು ಎರಡು ವರ್ಷ ಹಿಡಿಯಿತು. ತಪ್ಪಿದ ಮೇಲೆ ಇನ್ನೂ ಬೇಜಾರಾಯಿತು.

ಹೊತ್ತು ಹೋಗಲೆಂದು ಹೂ ಕಟ್ಟುತ್ತಿದ್ದೆ. ಅಜ್ಜಂಪುರದ ಹೂವಿನಂಗಡಿಯವರು ಬೆಳಿಗ್ಗೆ ಬಿಡಿ ಕನಕಾಂಬರ ಕೊಟ್ಟರೆ ಸಂಜೆ ಮಾಲೆ ಕೊಡುತ್ತಿದ್ದೆ. ಮುಡಿಯುವುದನ್ನು ಬಿಟ್ಟವಳು ಕಟ್ಟುವುದನ್ನು ಬಿಟ್ಟಿರಲಿಲ್ಲ. ಕಣ್ಣು ಆಕಾಶದಲ್ಲಿ, ಕೈ ದಾರದಲ್ಲಿ. ಎರಡು ಹೂ ಈ ಕಡೆ, ಎರಡು ಹೂ ಆ ಕಡೆ, ಒಂದು ಸುತ್ತು, ಒಂದು ಬಿಗಿ. ನೋಡುವ ಅಗತ್ಯವೇ ಇರಲಿಲ್ಲ.

ಅಲ್ಲಿ ಹಾರಾಟ ಕಲಿಸುತ್ತಿದ್ದವರು ಶಿವಣ್ಣ ಮೇಷ್ಟ್ರು. ಅಜ್ಜಂಪುರದ ವ್ಯಾಪಾರಸ್ಥರ ಮನೆಯವರು. ಅಂಗಡಿಯಲ್ಲಿ ಕೂರದೆ ಆಕಾಶಕ್ಕೆ ಹೋದ ಎಂದು ಅವರಪ್ಪ ಕೊನೆಯವರೆಗೂ ಹಂಗಿಸುತ್ತಿದ್ದರಂತೆ. ಒರಟು ಮನುಷ್ಯ. ನಾನು ಗಂಟೆ ತಪ್ಪು ಬರೆದಾಗೊಮ್ಮೆ, ‘ಏನಮ್ಮ ಗಿರಿಜಮ್ಮ, ಇವ್ನು ಏರೋಕ್ ಮುಂಚೆನೇ ಇಳಿದ್ಬಿಟ್ನಾ?’ ಎಂದು ಎಲ್ಲರ ಮುಂದೆ ಕೇಳಿದ್ದರು. ನಾಚಿಕೆಯಿಂದ ಎರಡು ದಿನ ಚಹಾದ ಲೋಟ ಇಟ್ಟು ಮುಖ ನೋಡದೆ ಬಂದೆ. ಆದರೆ ಯಾವ ಶಿಷ್ಯನನ್ನೂ ಅವರು ತಯಾರಿಲ್ಲದೆ ಒಬ್ಬನೇ ಹಾರಲು ಬಿಟ್ಟವರಲ್ಲ. ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು ಒಂದೇ: ಕಣ್ಣು ಹೊರಗಿರಬೇಕು. ಬೇರೆ ಗ್ಲೈಡರ್, ಹದ್ದು, ಮೋಡ, ಇಳಿಯಲು ಹೊಲ ಎಲ್ಲ ಹೊರಗಿವೆ. ಒಳಗೆ ನೋಡುವುದು ಒಂದು ಗುಟುಕು ನೀರು ಕುಡಿದ ಹಾಗಿರಬೇಕು, ಕೂತು ಉಂಡ ಹಾಗಲ್ಲ.

ನಾನು ಸೇರಿದ ಕಾಲಕ್ಕೆ ದೂರ ಹಾರುವವರು ತೊಡೆಯ ಮೇಲೆ ಕಾಗದದ ನಕ್ಷೆ ಕಟ್ಟಿಕೊಂಡು ಹೋಗುತ್ತಿದ್ದರು. ಮೈದಾನದ ಸುತ್ತ ವೃತ್ತಗಳನ್ನು ಎಳೆದುಕೊಂಡು, ಈ ವೃತ್ತದಲ್ಲಿದ್ದರೆ ಇಷ್ಟು ಎತ್ತರ ಬೇಕು ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಆಮೇಲೆ ಬಂದಳು ನಸ್ರೀನ್. ಬೀರೂರಿನ ಹುಡುಗಿ, ಅವರಪ್ಪ ರೈಲ್ವೆಯಲ್ಲಿದ್ದರು. ಕಂಪ್ಯೂಟರ್ ಓದಿಕೊಂಡು ಮೇಷ್ಟ್ರ ಹತ್ತಿರ ಹಾರಲು ಕಲಿಯುತ್ತಿದ್ದಳು. ಬೆಳಗಿನ ರೈಲಿಗೆ ಬಂದರೆ ಸಂಜೆಯ ರೈಲಿಗೆ ಹೋಗುವುದು. ಮನೆಗೆ ಫೋನ್ ಮಾಡಿದರೆ ದಖನಿ ಉರ್ದುವಿನಲ್ಲಿ ನಗುನಗುತ್ತಾ ಮಾತಾಡಿ, ನಮ್ಮ ಕಡೆ ತಿರುಗಿದ ಕೂಡಲೇ ಕನ್ನಡಕ್ಕೆ ಬರುತ್ತಿದ್ದಳು. ಫೋನಿನಂಥ ಒಂದು ಯಂತ್ರಕ್ಕೆ ದಾರಿ ತೋರಿಸುವ ಪ್ರೋಗ್ರಾಂ ಬರೆದಳು. ನಕ್ಷೆ, ಗಾಳಿಯ ದಿಕ್ಕು, ವೇಗ, ಎತ್ತರ ಎಲ್ಲ ಅದರಲ್ಲೇ.

ಅದನ್ನು ತೋರಿಸಿದ ದಿನ ಶೆಡ್ಡಿನಲ್ಲಿ ಎಲ್ಲರೂ ಸೇರಿದ್ದರು. ಪರದೆಯ ತುಂಬ ಬಣ್ಣ, ತುಂಬ ಅಂಕಿ. ಒಬ್ಬರ ಕೈಯಿಂದ ಒಬ್ಬರಿಗೆ ಹೋಯಿತು. ಎಲ್ಲ ಗಂಡಸರೂ ಚೆನ್ನಾಗಿದೆ ಎಂದರು. ಅರ್ಥವಾಗಲಿಲ್ಲ ಎನ್ನಲು ಯಾರಿಗೂ ಮನಸ್ಸಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ನಾನು ವಿಂಚಿನ ಹಗ್ಗ ಎಳೆದುಕೊಟ್ಟು ಆಗಷ್ಟೇ ಬಂದಿದ್ದೆ, ಕೈಯಲ್ಲಿ ದಪ್ಪ ಗ್ಲೌಸು ಇತ್ತು. ನಸ್ರೀನ್ ನನ್ನ ಕೈಗೂ ಕೊಟ್ಟು, ‘ನೀವೂ ನೋಡಿ ಗಿರಿಜಕ್ಕ’ ಎಂದಳು.

ಮೂಲೆಯ ಚೌಕದಲ್ಲಿ ಒಂದು ಅಂಕಿ ಇತ್ತು. ಗ್ಲೌಸು ತಗುಲಿತೋ ಏನೋ, ನಾನು ನೋಡುತ್ತಿದ್ದಂತೆಯೇ ಅಲ್ಲಿ ಬೇರೆ ಅಂಕಿ ಬಂತು. ಚೌಕ ಅದೇ, ಬಣ್ಣ ಅದೇ, ಮೇಲಿನ ಸಣ್ಣ ಅಕ್ಷರ ಮಾತ್ರ ಬದಲಾದ ಹಾಗಿತ್ತು. ಏನೋ ಕೆಡಿಸಿಬಿಟ್ಟೆ ಎಂದುಕೊಂಡೆ. ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣು ಹಾಯಿಸಿ, ಯಂತ್ರವನ್ನು ಮೆಲ್ಲಗೆ ವಾಪಸು ಕೊಟ್ಟು, ಚೆನ್ನಾಗಿದೆಯಮ್ಮ ಎಂದೆ. ಅವಳು ಖುಷಿಪಟ್ಟಳು. ನಾನು ಚಹಾ ತರಲು ಹೋದೆ.

ಸುಮಾರು ಮೂರು ವಾರದ ಮೇಲೆ ಮೇಷ್ಟ್ರು ಆ ಯಂತ್ರವನ್ನು ಗ್ಲೈಡರಿನಲ್ಲಿ ಇಟ್ಟುಕೊಂಡು ಕಡೂರಿನ ಕಡೆ ಹೋಗಿ ವಾಪಸು ಬರುತ್ತಿದ್ದರು. ಮಧ್ಯಾಹ್ನ ಮೀರಿತ್ತು, ಎದುರುಗಾಳಿ ಇತ್ತು. ವೈರ್‌ಲೆಸ್‌ನಲ್ಲಿ, ‘ಬತ್ತಿದ್ದೀನಿ ಗಿರಿಜಮ್ಮ, ಬೇಕಾದಷ್ಟು ಎತ್ತರ ಐತೆ, ಚಹಾ ಇಡಿ’ ಎಂದರು. ನಾನು ಸ್ಟೌ ಹಚ್ಚಿದೆ. ನೀರು ಕುದಿಯಿತು. ಅವರು ಬರಲಿಲ್ಲ.

ಮೈದಾನಕ್ಕೆ ಇನ್ನೂ ದೂರವಿರುವಾಗಲೇ ಗ್ಲೈಡರ್ ಈರುಳ್ಳಿ ಹೊಲವೊಂದಕ್ಕೆ ಇಳಿದು ಬದುವಿಗೆ ಬಡಿದಿತ್ತು. ಓಂಕಾರಿಯೂ ನಾನೂ ಟ್ರ್ಯಾಕ್ಟರಿನಲ್ಲಿ ಹೋದಾಗ ಹೊಲದವರು ಅವರನ್ನು ಹೊರಗೆ ತೆಗೆದು ಗೋಣಿಚೀಲದ ಮೇಲೆ ಮಲಗಿಸಿದ್ದರು. ಜೀವಕ್ಕೆ ಏನೂ ಆಗಿರಲಿಲ್ಲ. ಬೆನ್ನುಮೂಳೆಗೆ ಪೆಟ್ಟಾಗಿತ್ತು. ಮಲಗಿದಲ್ಲಿಂದಲೇ ಅವರು ನನಗೆ ಹೇಳಿದ್ದು ಇಷ್ಟು: ‘ಮುನ್ನೂರೈವತ್ತು ಮೀಟರ್ ತೋರಿಸ್ತಿತ್ತು ಕಣಮ್ಮ. ದಾರೀಲಿ ಹದ್ದು ಸುತ್ತುತಿದ್ವು, ನಿಲ್ಲದೇನೇ ಬಂದ್ಬಿಟ್ಟೆ.’

ಅವರು ಆಸ್ಪತ್ರೆಯಲ್ಲಿದ್ದಾಗ ಕ್ಲಬ್ಬಿನವರು ಸಭೆ ಸೇರಿದರು. ಕೆಲವರು ಮೇಷ್ಟ್ರಿಗೆ ವಯಸ್ಸಾಯಿತು, ಇನ್ನು ಕಲಿಸುವುದು ಬೇಡ ಎಂದರು. ಕೆಲವರು ಆ ಹುಡುಗಿಯ ಆಟದ ಸಾಮಾನು ಬೇಡ, ಅವಳೂ ಬೇಡ ಎಂದರು. ನಸ್ರೀನ್ ಬಾಗಿಲ ಹತ್ತಿರ ಕೂತಿದ್ದಳು. ಯಂತ್ರವನ್ನು ದುಪಟ್ಟಾದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ತನ್ನ ಪ್ರೋಗ್ರಾಮಿನಲ್ಲಿ ಲೆಕ್ಕ ಎಲ್ಲೂ ತಪ್ಪಿಲ್ಲ, ಮೂರು ಸಲ ನೋಡಿದೆ ಎಂದು ಅವಳು ಹೇಳುತ್ತಿದ್ದರೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ನಾನು ಗೋಡೆಗೆ ಒರಗಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದೆ. ಆ ಚೌಕ ಬದಲಾದದ್ದು ಕಣ್ಣ ಮುಂದೆ ಬಂತು. ಹೇಳಿದರೆ, ಮೂರು ವಾರ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ಕೇಳುತ್ತಾರೆ. ಹೇಳದಿದ್ದರೆ ಇಬ್ಬರಲ್ಲಿ ಒಬ್ಬರಿಗೆ ಆಕಾಶ ತಪ್ಪುತ್ತದೆ. ತಟ್ಟೆಯನ್ನು ಕೆಳಗಿಟ್ಟೆ. ಮಾತು ಹೇಗೆ ಹೊರಬಂತೋ ಗೊತ್ತಿಲ್ಲ. ಅದು ಮುಟ್ಟಿದರೆ ಬೇರೆ ಅಂಕಿ ಆಗುತ್ತದೆ, ಗ್ಲೌಸು ತಗುಲಿದರೂ ಆಗುತ್ತದೆ, ನಾನು ನೋಡಿದ್ದೇನೆ ಎಂದೆ.

ನಸ್ರೀನ್ ದುಪಟ್ಟಾ ಬಿಚ್ಚಿ ಯಂತ್ರ ತೆಗೆದಳು. ನನ್ನ ಗ್ಲೌಸನ್ನೇ ಹಾಕಿಕೊಂಡು ಚೌಕಕ್ಕೆ ತಾಗಿಸಿದಳು. ಅಂಕಿ ಬದಲಾಯಿತು. ಜಾಗ ಉಳಿಸಲೆಂದು ಅವಳು ಒಂದೇ ಚೌಕದಲ್ಲಿ ಎರಡು ಅಂಕಿ ಇಟ್ಟಿದ್ದಳು. ಒಂದು, ಈಗ ಮೈದಾನದ ನೆಲಕ್ಕಿಂತ ಎಷ್ಟು ಮೇಲಿದ್ದೀರಿ ಎಂಬುದು. ಇನ್ನೊಂದು, ಮೈದಾನ ಮುಟ್ಟುವಾಗ ಎಷ್ಟು ಎತ್ತರ ಉಳಿದಿರುತ್ತದೆ ಎಂಬುದು. ಮುಟ್ಟಿದರೆ ಅದು ಇದಾಗುತ್ತದೆ, ಇದು ಅದಾಗುತ್ತದೆ. ಹಾರುವಾಗ ಎಲ್ಲೋ ಕೈ ತಗುಲಿ ಅಂಕಿ ಬದಲಾಗಿತ್ತು, ಮೇಷ್ಟ್ರು ಮೊದಲನೆಯದನ್ನು ನೋಡಿ ಎರಡನೆಯದು ಎಂದುಕೊಂಡಿದ್ದರು. ಮೈದಾನ ತಲುಪಿದ ಮೇಲೂ ಮುನ್ನೂರೈವತ್ತು ಉಳಿಯುತ್ತದೆ ಎಂದು ನಂಬಿದ್ದರು. ಇದ್ದದ್ದೇ ಅಷ್ಟು.

ಮಾರನೆಯ ದಿನ ಆಸ್ಪತ್ರೆಗೆ ಹೋಗಿ ನಾನೇ ಅವರಿಗೆ ಹೇಳಿದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ ಕೇಳಿದರು. ‘ಮೊದ್ಲೇ ಹೇಳ್ಬಾರ್ದಾಗಿತ್ತಾ ಗಿರಿಜಮ್ಮ?’

ಬೈದಿದ್ದರೆ ಅತ್ತು ಮರೆಯುತ್ತಿದ್ದೆ. ಅವರು ಬೈಯಲಿಲ್ಲ. ಮುಂದೆ ಅವರು ಕಲಿಸಿದರು, ಆದರೆ ಕೋಲೂರಿಕೊಂಡು ಕೆಳಗೆ ನಿಂತು. ಅವರಿಗೆ ಹಾರುವುದು ಮತ್ತೆ ಆಗಲಿಲ್ಲ. ಹಾರಾಟದ ಪುಸ್ತಕದಲ್ಲಿ ಅವರ ಹೆಸರು ಬರೆಯದ ಪುಟಗಳು ಶುರುವಾದವು. ಆ ಪುಟಗಳನ್ನು ಬರೆಯುತ್ತಿದ್ದವಳು ನಾನು.

ನಸ್ರೀನ್ ಹೋಗಲಿಲ್ಲ. ಒಂದು ದಿನ ಜಾಲಿಮರದ ಕೆಳಗೆ ನನ್ನ ಪಕ್ಕ ಬಂದು ಕೂತಳು. ನಾನು ಆಕಾಶ ನೋಡುತ್ತ ಹೂ ಕಟ್ಟುವುದನ್ನು ನೋಡುತ್ತಲೇ ಇದ್ದಳು. ನನ್ನ ಕೈಯ ಕೆಲಸ ಹಾರುವವರ ಕೈಯ ಕೆಲಸದ ಹಾಗೇ ಇದೆ ಎಂದಳು. ಮರುದಿನ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ನನ್ನನ್ನು ಕೂರಿಸಿ, ಹಾರಾಟದ ಅಂಕಿಗಳನ್ನೇ ತೋರಿಸುವ ಹಾಗೆ ಮಾಡಿದ ಯಂತ್ರವನ್ನು ಎದುರಿಗೆ ಕಟ್ಟಿ, ಮಡಿಲಿಗೆ ಹೂವಿನ ಬುಟ್ಟಿ ಕೊಟ್ಟು, ಕಾವಲಿನ ಉಬ್ಬುತಗ್ಗಿನ ಮೇಲೆ ತಾನೇ ಓಡಿಸಿದಳು. ನಡುನಡುವೆ ಕೂಗಿ ಕೇಳುವುದು: ಮೈದಾನ ಯಾವ ಕಡೆ, ಗಾಳಿ ಯಾವ ಕಡೆ, ಎಷ್ಟು ಉಳಿದಿದೆ. ನಾನು ಕಟ್ಟುತ್ತಲೇ ಪರದೆ ನೋಡಿ ಹೇಳಬೇಕು.

ಓಂಕಾರಿ ವಿಂಚಿನ ಹತ್ತಿರದಿಂದ ಕೂಗಿದ: ‘ಏನ್ ಗಿರಿಜಕ್ಕ, ಟ್ರ್ಯಾಕ್ಟರ್‌ಗೆ ಮದುವೇನಾ?’

ಇಳಿದ ಮೇಲೆ ಅವಳು ಯಂತ್ರ ನೋಡಲಿಲ್ಲ, ಮಾಲೆಯನ್ನು ಬೆರಳಲ್ಲಿ ಹಿಡಿದು ನೋಡಿದಳು. ಎಲ್ಲಿ ಹೂ ಜಾರಿದೆಯೋ, ಎಲ್ಲಿ ಗಂಟು ಸಡಿಲವೋ ಅಲ್ಲಿ ಪರದೆ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟಿದೆ ಎಂದು ಅರ್ಥ. ಅಲ್ಲಿ ದಾರಕ್ಕೆ ಶಾಯಿ ಹಚ್ಚಿ, ಆಗ ತಾನು ಯಾವ ಪ್ರಶ್ನೆ ಕೇಳಿದ್ದೆ ಎಂದು ಬರೆದುಕೊಂಡಳು. ಮೊದಲ ದಿನದ ಮಾಲೆಯಲ್ಲಿ ಶಾಯಿಯೇ ಹೆಚ್ಚಿತ್ತು. ಅಂಗಡಿಯವರು ಅದನ್ನು ತೆಗೆದುಕೊಳ್ಳಲಿಲ್ಲ.

ಆ ಬೇಸಿಗೆಯೆಲ್ಲ ಹೀಗೇ ಹೋಯಿತು. ನೀನು ಕಲಿಯಬೇಕಾದ್ದು ಇಲ್ಲಿದೆ, ಸಿಂಚನಾ. ನೆನಪಾದ ಹಾಗೆ ಬರೆಯುತ್ತೇನೆ. ಮೊದಲು ತೆಗೆದದ್ದು ಆ ಚೌಕ. ಒಂದು ಜಾಗದಲ್ಲಿ ಒಂದೇ ಅಂಕಿ, ಅದು ಎಂದೂ ಜಾಗ ಬಿಟ್ಟು ಹೋಗಬಾರದು. ನಾನು ಅಡುಗೆಮನೆಯಲ್ಲಿ ತಿರುಗಿ ನೋಡದೆ ಉಪ್ಪಿನ ಡಬ್ಬಿಗೆ ಕೈ ಹಾಕುತ್ತೇನೆ. ಅದರಲ್ಲಿ ಒಂದು ದಿನ ಸಕ್ಕರೆ ಇದ್ದರೆ ಸಾರು ಏನಾಗಬೇಕು? ಎರಡು ಅಂಕಿಗೂ ಬೇರೆ ಬೇರೆ ಹೆಸರು ಬೇಕು ಎಂದು ಅವಳು ಕೇಳಿದಾಗ, ಈಗಿರುವುದಕ್ಕೆ ಎತ್ತರ ಎನ್ನು, ಮೈದಾನ ಮುಟ್ಟಿದಾಗ ಇರುವುದಕ್ಕೆ ಉಳಿಕೆ ಎನ್ನು ಎಂದೆ. ಹಾಗೇ ಇಟ್ಟಳು. ಉಳಿಕೆಯ ಅಂಕಿ ಮಾತ್ರ ಎಲ್ಲಕ್ಕಿಂತ ದೊಡ್ಡದು. ಸಾಲದೆ ಬಂದರೆ ಅದರ ಪಕ್ಕದಲ್ಲಿ ಕೆಳಮುಖದ ದಪ್ಪ ಬಾಣ.

ಕಪ್ಪು ನೆಲದ ಮೇಲೆ ಬಣ್ಣದ ಅಕ್ಷರ ಶೆಡ್ಡಿನಲ್ಲಿ ಚಂದ ಕಾಣುತ್ತಿತ್ತು. ಬಿಸಿಲಿಗೆ ಬಂದರೆ ಅದರಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಬಿಳಿಯ ಮೇಲೆ ಕಪ್ಪು ಮಾಡಿಸಿದೆ. ಗುಂಡಿಗಳು ಪರದೆಯ ನಡುವೆ ಇದ್ದವು. ಟ್ರ್ಯಾಕ್ಟರ್ ಕುಲುಕಿದರೆ ಬೆರಳು ಎಲ್ಲೋ ಬೀಳುತ್ತಿತ್ತು. ನಾಲ್ಕು ಮೂಲೆಗೆ ಸರಿಸಿದಳು. ಅಂಚಿಗೆ ಬೆರಳು ಆನಿಸಿ ಸರಿಸಿದರೆ ಮೂಲೆ ತಾನೇ ಸಿಗುತ್ತದೆ. ನಡುವೆ ಒಂದು ಕಾಗದ ಹಾರಿಬಂದ ಹಾಗೆ ಪ್ರಶ್ನೆ ಬಂದು, ಹೌದೋ ಅಲ್ಲವೋ ಎಂದು ಕೇಳಿ ನಕ್ಷೆಯನ್ನು ಮುಚ್ಚುತ್ತಿತ್ತು. ಅಂಥದ್ದು ಬಂದಾಗಲೆಲ್ಲ ಮಾಲೆಯಲ್ಲಿ ಎರಡು ಮೂರು ಹೂ ಒಟ್ಟಿಗೆ ಉದುರುತ್ತಿದ್ದವು. ಕೇಳುವುದೆಲ್ಲ ನೆಲದ ಮೇಲೇ ಕೇಳಿ ಮುಗಿಸಬೇಕು, ಮೇಲೆ ಹೋದ ಮೇಲೆ ಏನೂ ಕೇಳಬಾರದು ಎಂದು ತೀರ್ಮಾನವಾಯಿತು. ಗಂಡಸರು ತಮಗೆ ಬೇಕಾದ ಒಂದೊಂದು ಅಂಕಿಗೂ ಜಗಳವಾಡಿದರು. ಬೇಡ ಎನ್ನದೆ ಅವನ್ನೆಲ್ಲ ಎರಡನೆಯ ಪುಟಕ್ಕೆ ಹಾಕಿದಳು. ಮೊದಲ ಪುಟದಲ್ಲಿ ನಕ್ಷೆ, ಮೈದಾನದ ಕಡೆಗೊಂದು ಬಾಣ, ಗಾಳಿ, ಎತ್ತರ, ಉಳಿಕೆ, ಅಷ್ಟೇ ಉಳಿದವು. ತಿಂಗಳು ಕಳೆದರೂ ಯಾರೂ ಎರಡನೆಯ ಪುಟ ತೆರೆಯಲಿಲ್ಲ ಎಂದು ನಗುತ್ತ ಹೇಳಿದಳು.

ಕೊನೆಗೊಂದು ದಿನ ಮಾಲೆಯಲ್ಲಿ ಶಾಯಿ ಹಚ್ಚಲು ಜಾಗವೇ ಸಿಗಲಿಲ್ಲ.

ಇದನ್ನು ಇಟ್ಟುಕೊಂಡು ಮೊದಲು ಹಾರುವವಳು ತಾನೇ, ಬೇರೆಯವರಿಗೆ ಕೊಡುವುದಿಲ್ಲ ಎಂದು, ಅಷ್ಟರಲ್ಲಿ ಒಬ್ಬಳೇ ದೂರ ಹಾರಲು ಕಲಿತಿದ್ದ ನಸ್ರೀನ್ ಹಟ ಹಿಡಿದಳು. ಅಜ್ಜಂಪುರದಿಂದ ತರೀಕೆರೆ, ಅಲ್ಲಿಂದ ಕಡೂರು, ಮತ್ತೆ ಮೈದಾನ. ಮೇಷ್ಟ್ರು ಕುರ್ಚಿ ತರಿಸಿಕೊಂಡು ನನ್ನ ಮೇಜಿನ ಪಕ್ಕ ಕೂತರು. ತರೀಕೆರೆ ಮುಟ್ಟಿದೆ ಎಂದು ಒಮ್ಮೆ ಹೇಳಿದಳು. ಆ ಕಡೆ ತೋಟ ಮತ್ತು ನೀರು, ಗಾಳಿ ಏಳುವುದು ಕಡಿಮೆ; ಅದನ್ನು ದಾಟಿದ್ದೇ ದೊಡ್ಡದು. ಕಡೂರು ದಾಟಿದೆ ಎಂದು ಇನ್ನೊಮ್ಮೆ ಹೇಳಿದಳು. ಆಮೇಲೆ ಸದ್ದಿಲ್ಲ.

ಪಶ್ಚಿಮದಿಂದ ಮೋಡ ಹಬ್ಬಿ ಬಿಸಿಲು ಹೋಯಿತು. ಬಿಸಿಲು ಹೋದರೆ ಗಾಳಿ ಏಳುವುದೂ ನಿಲ್ಲುತ್ತದೆ. ನಾನು ದಾರ ಕೈಯಲ್ಲಿ ಹಿಡಿದಿದ್ದೆ, ಒಂದು ಹೂವನ್ನೂ ಕಟ್ಟಲಾಗಲಿಲ್ಲ. ತಾತನನ್ನು ಆಸ್ಪತ್ರೆಗೆ ಒಯ್ದ ದಿನ ಬಾಗಿಲಲ್ಲಿ ಕೂತದ್ದು ಹೀಗೇ. ವೈರ್‌ಲೆಸ್ ಕಡೆ ಕೈ ಹೋಯಿತು. ಮೇಷ್ಟ್ರು ಕೋಲನ್ನು ಅಡ್ಡ ಹಿಡಿದರು.

‘ಬ್ಯಾಡ ಕಣಮ್ಮ. ಈಗ ಕೇಳಿದ್ರೆ ನಿನಗ್ ಉತ್ತರ ಕೊಡೋಕ್ ನೋಡ್ತಾಳೆ. ಅವಳ ಕಣ್ಣು ಹೊರಗಿರ್ಲಿ.’

ಇಬ್ಬರೂ ಒಂದೇ ಕಡೆ ನೋಡುತ್ತ ಕೂತೆವು.

ವೈರ್‌ಲೆಸ್ ಕರಕರ ಎಂದಿತು. ಅವಳ ಸ್ವರ ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಸಮಾಧಾನವಾಗಿತ್ತು. ‘ಗಿರಿಜಕ್ಕ, ಉಳಿಕೆ ಸಾಲದು. ಹಿರೇನಲ್ಲೂರ್ ಕಡೆ ಒಳ್ಳೇ ಬಯಲು ನೋಡ್ಕೊಂಡಿದ್ದೀನಿ. ಇಳೀತೀನಿ, ಟ್ರೇಲರ್ ತಗೊಂಡ್ ಬನ್ನಿ.’

ನಾವು ಹೋದಾಗ ಗ್ಲೈಡರ್ ಬಯಲಿನ ನಡುವೆ ಒಂದು ಗೀರೂ ಇಲ್ಲದೆ ನಿಂತಿತ್ತು. ಸುತ್ತ ದನ ಮೇಯಿಸುವವರು ಸೇರಿದ್ದರು. ಪೆಟ್ರೋಲ್ ಮುಗೀತಾ ಎಂದು ಒಬ್ಬ ಮುದುಕ ಅವಳನ್ನು ಕೇಳುತ್ತಿದ್ದ. ಅವಳು ನನ್ನನ್ನು ಕಂಡು ಎದ್ದು ಬಂದಳು. ಹೇಗಿತ್ತು ಎಂದು ಕೇಳಿದೆ. ‘ಒಂದೇ ಸಲ ನೋಡ್ದೆ ಅಕ್ಕ. ಆಗಲ್ಲ ಅಂತ ಗೊತ್ತಾಯ್ತು. ಆಮೇಲೆ ಹೊಲ ಹುಡುಕೋಕೆ ಬೇಕಾದಷ್ಟು ಟೈಮಿತ್ತು.’

ಮನೆಗೆ ಕರೆದುಕೊಂಡು ಬರುವುದು ಆ ಯಂತ್ರದ ದೊಡ್ಡತನ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಮನೆ ಮುಟ್ಟುವುದಿಲ್ಲ ಎಂಬುದನ್ನು ಹೊತ್ತಿಗೆ ಮೊದಲೇ, ಒಂದೇ ನೋಟಕ್ಕೆ ಹೇಳುವುದು ಅದಕ್ಕಿಂತ ದೊಡ್ಡದು.

ಮೈದಾನಕ್ಕೆ ವಾಪಸು ಬಂದಾಗ ಮೇಷ್ಟ್ರು ಅದೇ ಕುರ್ಚಿಯಲ್ಲಿದ್ದರು. ಯಂತ್ರವನ್ನು ಕೇಳಿ ಪಡೆದು ತಿರುಗಿಸಿ ತಿರುಗಿಸಿ ನೋಡಿದರು. ಗ್ಲೌಸು ತರಿಸಿಕೊಂಡು ಉಳಿಕೆಯ ಅಂಕಿಯ ಮೇಲೆ ಒತ್ತಿದರು. ಅದು ಬದಲಾಗಲಿಲ್ಲ. ಇನ್ನೊಮ್ಮೆ ಒತ್ತಿದರು. ‘ಅವತ್ತು ಇದು ಇದ್ದಿದ್ರೆ ನಾನೂ ಹದ್ದಿನ ಜೊತೆ ನಿಂತಿರ್ತಿದ್ದೆ’ ಎಂದರು. ನನ್ನನ್ನು ಕುರಿತು ಹೇಳಿದ್ದಲ್ಲ, ತಮಗೆ ತಾವೇ ಹೇಳಿಕೊಂಡದ್ದು. ಆದರೂ ನಾನು ಒಳಗೆ ಹೋಗಿ ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ.

ಮೇಷ್ಟ್ರು ಈಗ ಇಲ್ಲ. ನಸ್ರೀನ್ ದೂರದಲ್ಲಿದ್ದಾಳೆ, ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾಳೆ. ಅವಳ ಪ್ರೋಗ್ರಾಮನ್ನು ನಾನು ಹೆಸರು ಕೇಳದ ಊರುಗಳಲ್ಲಿ ಹಾರುವವರೂ ಇಟ್ಟುಕೊಂಡಿದ್ದಾರಂತೆ. ನಾನು ನಿವೃತ್ತಳಾದ ಮೇಲೆ ಮೈದಾನದ ಕಡೆ ಹೋಗಿಲ್ಲ. ಮಧ್ಯಾಹ್ನ ಅಂಗಳದಲ್ಲಿ ಕೂತು ಕನಕಾಂಬರ ಕಟ್ಟುತ್ತೇನೆ. ಕಣ್ಣು ರೂಢಿಯಂತೆ ಆಕಾಶಕ್ಕೇ ಹೋಗುತ್ತದೆ. ಹದ್ದುಗಳು ಸುತ್ತುತ್ತಿರುತ್ತವೆ, ಅವುಗಳ ಜೊತೆ ಬೇರೆ ಯಾರೂ ಇರುವುದಿಲ್ಲ.

ಈಗ ನಿನ್ನ ವಿಷಯ, ಸಿಂಚನಾ. ಭಾನುವಾರ ನಾನು ಚೆನ್ನಾಗಿದೆ ಎಂದೆನಲ್ಲ, ಅದು ನಿಜವಲ್ಲ ಮಗಳೇ. ಎಡಕ್ಕೋ ಬಲಕ್ಕೋ ಎಂದು ಹೇಳುವ ಬಾಣ ಮತ್ತು ಆಸ್ಪತ್ರೆಯ ಹೆಸರು ಒಂದೇ ಜಾಗದಲ್ಲಿ ಬದಲಾಗಿ ಬದಲಾಗಿ ಬರುತ್ತಿದ್ದವು. ಅಕ್ಷರ ಸಣ್ಣದು. ನಾನು ನೋಡುತ್ತಿರುವಾಗಲೇ ನಡುವೆ ಒಂದು ಪ್ರಶ್ನೆ ಬಂದು ರಸ್ತೆಯನ್ನು ಮುಚ್ಚಿತು. ಓಡಿಸುವವನ ಕೈ ಸ್ಟೀರಿಂಗ್ ಮೇಲಿರುತ್ತದೆ, ಹಿಂದೆ ಯಾರದೋ ಜೀವ ಮಲಗಿರುತ್ತದೆ. ನೀನು ಮುಖ ಅರಳಿಸಿಕೊಂಡು ಕೂತಿದ್ದೆ. ನಿನ್ನ ಮುಖ ನೋಡಿ, ಅಂದು ಶೆಡ್ಡಿನಲ್ಲಿ ನಸ್ರೀನಳೆದುರು ಆದ ಹಾಗೆ ನನ್ನ ಬಾಯಿ ಮತ್ತೆ ಕಟ್ಟಿತು.

ಬರುವ ಭಾನುವಾರ ಫೋನ್ ತೆಗೆದುಕೊಂಡು ಬಾ. ತೇಜು ಬೈಕಿನಲ್ಲಿ ಬರಲಿ, ಕಾವಲಿನ ದಾರಿಯಲ್ಲಿ ಅವನು ಓಡಿಸಲಿ, ನಾನು ಹಿಂದೆ ಕೂರುತ್ತೇನೆ. ಬಿಡಿ ಕನಕಾಂಬರಕ್ಕೆ ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ. ಶಾಯಿ ನೀನು ತಾ.